ಝರೆಮ್ಮನ ನವಧಾನ್ಯ

ಝರೆಮ್ಮನ ಹುಬ್ಬು ನೋಡಿ ಹುಮನಾಬಾದಿನ ಅಡತ ಬಜಾರಕ್ಕೆ, ಅಂದರೆ ಕಾಳಿನ ದಲಾಲಿ ಪೇಟೆಗೆ, ಆ ದಿನ ಯಾವ ಮಾಲು ಬಂದಿದೆ ಎಂದು ಹೇಳಬಹುದಾಗಿತ್ತು. ತೊಗರಿಯ ಸುಗ್ಗಿಯಲ್ಲಿ ಧೂಳು ಕೂತು ಹುಬ್ಬು ಮಾಸಲು ಹಳದಿ, ಉದ್ದಿನ ಕಾಲದಲ್ಲಿ ಕರಿಬೂದಿ, ಜೋಳದ ದಿನಗಳಲ್ಲಿ ತೊಂಬತ್ತರ ಮುದುಕಿಯ ಹುಬ್ಬಿನಂತೆ ಬೆಳ್ಳಗೆ. ಆಗ ಅವಳಿಗೆ ನಲವತ್ತು ದಾಟಿರಲಿಕ್ಕಿಲ್ಲ. ನಾನು ಬಸವಕಲ್ಯಾಣದ ಬಸ್ಸಿನಿಂದ ಇಳಿದವನು ಮೊದಲು ಅವಳ ಮುಖ ನೋಡುತ್ತಿದ್ದೆ, ಆಮೇಲೆ ನನ್ನ ಗೋಣಿಚೀಲಗಳ ದರ ಹೇಳುತ್ತಿದ್ದೆ. ಎಳ್ಳು, ಅಗಸೆ ಬಂದಿದ್ದರೆ ಸಣ್ಣ ನೇಯ್ಗೆಯ ಚೀಲಕ್ಕೆ ಗಿರಾಕಿ. ಜೋಳ ಬಂದಿದ್ದರೆ ತೇಪೆ ಹಾಕಿದ್ದೂ ನಡೆಯುತ್ತದೆ. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ: ಬಜಾರದ ಸುದ್ದಿ ಬೇಕಾದರೆ ಗಾದಿಯ ಮೇಲೆ ಕುಳಿತವನನ್ನು ಕೇಳಬೇಡಿ, ಅವನು ತನಗೆ ಬೇಕಾದಷ್ಟೇ ಹೇಳುತ್ತಾನೆ. ಕಸ ಹೊಡೆಯುವವರನ್ನು ಕೇಳಿ.

ಝರೆಮ್ಮ ಬಜಾರದಲ್ಲಿ ಕಸ ಹೊಡೆಯುವವಳು. ರೈತರು ಅಡತ ಅಂಗಡಿಗಳ ಮುಂದೆ ನೆಲದ ಮೇಲೆಯೇ ಕಾಳಿನ ರಾಶಿ ಸುರಿಯುತ್ತಿದ್ದರು. ಸವಾಲು, ಅಂದರೆ ಹರಾಜು, ನಡೆದು, ತೂಕವಾಗಿ, ಚೀಲ ತುಂಬಿ ಹೋದ ಮೇಲೆ ನೆಲಕ್ಕೆ ಅಂಟಿ ಉಳಿದ ಕಾಳು ಕಸ ಹೊಡೆದವರಿಗೆ ಎಂಬುದು ನಿಜಾಮರ ಕಾಲದಿಂದ ಬಂದ ರೂಢಿ. ಅದೇ ಅವರ ಸಂಬಳ. ಬೇವಿನ ಮರದಿಂದ ದೊಡ್ಡ ಗೇಟಿನವರೆಗಿನ ನೆಲ ಝರೆಮ್ಮನದು. ಕೆಲವು ಹೆಣ್ಣುಮಕ್ಕಳು ಯಾರೂ ನೋಡದಾಗ ಚೀಲಕ್ಕೆ ಬೆರಳು ಚುಚ್ಚಿ ಒಂದಿಷ್ಟು ಉದುರಿಸಿಕೊಳ್ಳುವುದುಂಟು. ಝರೆಮ್ಮ ಆ ಕೆಲಸಕ್ಕೆ ಕೈ ಹಾಕಲಿಲ್ಲ. "ಬಿದ್ದ ಕಾಳಿಗಿ ಮಾಲಕ ಇಲ್ಲ ತಮ್ಮಾ, ಬೀಳಿಸಿದ ಕಾಳಿಗಿ ಇದ್ದಾನ" ಎನ್ನುತ್ತಿದ್ದಳು.

ನಮ್ಮ ಪರಿಚಯವಾದದ್ದೇ ಒಂದು ವ್ಯವಹಾರದಿಂದ. ರಾಜೇಶ್ವರ, ಕೊಹಿನೂರದ ಕಡೆ ಮನೆಮನೆ ತಿರುಗಿ ಹಳೆಯ ಚೀಲ ಕೊಂಡು, ಹುಮನಾಬಾದಿನಲ್ಲಿ ಮಾರುವುದು ನನ್ನ ಧಂದೆ. ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ. ಇದ್ದದ್ದು ಎರಡು ಕಾಲು, ಒಂದು ನಾಲಿಗೆ. ಒಂದು ದಿನ ಬೇವಿನ ಮರದ ಕೆಳಗೆ ಚೀಲದ ಗಂಟು ಬಿಚ್ಚಿದ್ದೇ ತಡ, ಪೊರಕೆ ಹಿಡಿದುಕೊಂಡು ಬಂದಳು.

"ಏ ತಮ್ಮಾ, ಈ ಚೀಲ ಯಾರ ಝಾಡಸ್ತಾರ?"

"ಯಾಕ? ನಾನ ಝಾಡಸ್ತೀನಿ."

"ನೀ ಯಾಕ ಧೂಳ ತಿಂತಿ? ನಾ ಝಾಡಿಸಿ, ತಿರುವಿ, ಮಡಚಿ ಕೊಡ್ತೀನಿ. ಒಂದ ಪೈಸಾ ಬ್ಯಾಡ."

ಪುಕ್ಕಟೆ ಕೆಲಸ ಎಂದು ಒಪ್ಪಿಕೊಂಡೆ. ತಿಂಗಳೆರಡು ತಿಂಗಳು ಕಳೆದ ಮೇಲೆ ನನಗೆ ಹೊಳೆಯಿತು. ಒಂದೊಂದು ಚೀಲದ ಹೊಲಿಗೆಯೊಳಗೆ ಒಂದೊಂದು ಹಿಡಿ ಕಾಳು ಸಿಕ್ಕಿಕೊಂಡಿರುತ್ತದೆ. ನೂರು ಚೀಲಕ್ಕೆ ಎಷ್ಟಾಯಿತು ಲೆಕ್ಕ ಹಾಕಿ! ಹೋಗಿ ಅರ್ಧ ಪಾಲು ಕೇಳಿದೆ.

"ಆಗ್ಲಿ," ಎಂದಳು. "ಅರ್ಧ ನಿಂದು. ಹಂಗಾದ್ರ ಅರ್ಧ ಚೀಲ ನೀ ಝಾಡಸು. ಮತ್ತ ನೋಡು, ನಾ ಝಾಡಿಸಿದ ಚೀಲಕ್ಕ ಸಾವಕಾರ್ರು ಎಷ್ಟ ಕೊಡ್ತಾರ, ನಿನ್ನ ಚೀಲಕ್ಕ ಎಷ್ಟ ಕೊಡ್ತಾರ."

ನೋಡಿದೆ. ಅವಳ ಚೀಲಕ್ಕೆ ಎರಡಾಣೆ ಹೆಚ್ಚು ಬಂತು. ಮತ್ತೆ ಪಾಲಿನ ಮಾತು ಎತ್ತಲಿಲ್ಲ. ಎದುರಿನವನಿಗೂ ನಾಲ್ಕು ಕಾಸು ಉಳಿಯುವ ವ್ಯವಹಾರವೇ ವರ್ಷಾನುಗಟ್ಟಲೆ ನಡೆಯುತ್ತದೆ ಎಂದು ನಾನು ಇವತ್ತು ನನ್ನ ಅಂಗಡಿಯ ಹುಡುಗರಿಗೆ ಬುದ್ಧಿ ಹೇಳುತ್ತೇನಲ್ಲ, ಅದನ್ನು ಕಲಿತದ್ದು ಹೀಗೆ.

ಝರೆಮ್ಮನ ಜೊತೆಗೆ ಯಾವಾಗಲೂ ಒಂದು ನಾಯಿ ಇರುತ್ತಿತ್ತು. ಯಾರದೂ ಅಲ್ಲದ ಬೀದಿನಾಯಿ, ಬೂದು ಬಣ್ಣ, ಒಂದು ಕಿವಿ ಹರಿದದ್ದು. ಅದಕ್ಕೆ ಜಮಾದಾರ ಎಂದು ಹೆಸರಿಟ್ಟವರು ಮೂಟೆ ಹೊರುವ ಹಮಾಲರು. ದೇವರಿಗೆ ಬಿಟ್ಟ ಎರಡು ಗೂಳಿಗಳು ಬಜಾರಕ್ಕೆ ನುಗ್ಗಿ ರಾಶಿಗೆ ಬಾಯಿ ಹಾಕುತ್ತಿದ್ದವು. ದೇವರ ಗೂಳಿಗೆ ಕೋಲೆತ್ತಲು ಸಾವಕಾರರಿಗೆ ಅಂಜಿಕೆ. ಜಮಾದಾರನಿಗೆ ಅಂಥ ಅಂಜಿಕೆ ಏನೂ ಇರಲಿಲ್ಲ. ಗೇಟಿನಲ್ಲಿ ಗೂಳಿಯ ನೆರಳು ಬಿದ್ದರೆ ಸಾಕು, ಹಿಂಗಾಲಿಗೆ ಹೋಗಿ ಬೊಗಳಿ ಬೊಗಳಿ ರಸ್ತೆಯ ಆಚೆಗೆ ದಾಟಿಸಿ ಬರುತ್ತಿದ್ದ.

ದೀಪಾವಳಿಗೆ ಎರಡು ದಿನವಿತ್ತು. ಎಪ್ಪತ್ತರ ದಶಕದ ಮಾತು. ಗೂಳಿಯನ್ನು ರಸ್ತೆ ದಾಟಿಸಿ ತಿರುಗಿ ಬರುವಾಗ ಜಮಾದಾರ ಲಾರಿಗೆ ಸಿಕ್ಕಿಕೊಂಡ. ಹಿಂದಿನ ಎಡಗಾಲು ಮುರಿದು ಎಲುಬು ಹೊರಗೆ ಬಂದಿತ್ತು. ಝರೆಮ್ಮ ನನ್ನ ಗಂಟಿನಿಂದ ಒಂದು ಚೀಲ ಎಳೆದಳು. ಅದು ತೇಪೆಯಿಲ್ಲದ ಒಳ್ಳೆಯ ಚೀಲ, ಆದರೂ ಬಿಟ್ಟೆ. ನಾಲ್ಕು ಮೂಲೆ ಹಿಡಿದು ನಾನೂ ಅವಳೂ ದನದ ದವಾಖಾನೆಗೆ ಹೊತ್ತುಕೊಂಡು ಹೋದೆವು.

ಡಾಕ್ಟರು ಮೈಸೂರು ಕಡೆಯ ಹುಡುಗ, ಹೊಸದಾಗಿ ಬಂದವರು. ಗಾಯ ತೊಳೆದು, ಸೂಜಿ ಚುಚ್ಚಿ, ಬಿದಿರಿನ ದಬ್ಬೆ ಕಟ್ಟಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದರು:

"ನೋಡಿಯಮ್ಮ, ಇಲ್ಲಿರೋದೆಲ್ಲ ಎತ್ತು ಎಮ್ಮೆಗೆ. ನಾಯಿಗೆ ಮತ್ತು ಬರಿಸೋ ಔಷಧಿ, ಪ್ಲಾಸ್ಟರು, ಒಳ್ಳೆ ಇಂಜೆಕ್ಷನ್ನು, ಎಲ್ಲ ಹೈದರಾಬಾದಿನಿಂದ ತರಬೇಕು. ನನ್ನ ಕೈಕೂಲಿ ಬೇಡ. ಆದ್ರೆ ಸಾಮಾನಿಗೇ ನೂರೈವತ್ತು ರೂಪಾಯಿ ಆಗುತ್ತೆ. ಐದು ದಿನ ಹೇಗೋ ತಡೆದಿಡ್ತೀನಿ. ಆಮೇಲೆ ಕೀವು ಮೇಲಕ್ಕೇರುತ್ತೆ. ಆಗ ನಾನು ಒಂದೇ ಇಂಜೆಕ್ಷನ್ ಕೊಡಬಹುದು, ಮತ್ತೆ ಏಳದಂಗೆ ಮಲಗಿಸೋದು."

ನನಗೆ ತಡೆಯಲಾಗಲಿಲ್ಲ. "ಡಾಕ್ಟರ್ ಸಾಹೇಬ್ರ, ನಾಯಿಗಿ ಇರೋದು ನಾಕ ಕಾಲು. ಒಂದ ಕಾಲಿಗಿ ನೂರೈವತ್ತಂದ್ರ ಇಡೀ ನಾಯಿಗಿ ಎಷ್ಟಾತ್ರಿ? ನೂರಕ್ಕ ಮುಗಸ್ರಿ."

ಡಾಕ್ಟರು ನಕ್ಕರು. ಝರೆಮ್ಮ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಹುಚ್ಚ ಖೋಡಿ! ಮಾರಾಂವ ಲಾಭ ಇಟಗೊಂಡಿರತಾನ, ಅವನ ಜೋಡಿ ಚೌಕಾಶಿ ಮಾಡಬೇಕು. ಆ ಡಾಕ್ಟರಂತೂ ಲಾಭಾನೇ ಇಟಗೊಂಡಿಲ್ಲ. ಎಲ್ಲಿಂದ ಕಡಿಮಿ ಮಾಡಬೇಕು ಅಂವ? ತನ್ನ ಮನಿಯಿಂದೇನು?"

ಚೌಕಾಶಿಯ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಮತ್ತೆ ಕೇಳಲಿಲ್ಲ. ಆದರೂ ಆಗ ಸುಮ್ಮನಿರದೆ ಇನ್ನೊಂದು ಬುದ್ಧಿ ಹೇಳಿದೆ: "ಅಕ್ಕಾ, ನೂರೈವತ್ತು ರೂಪಾಯಿಗಿ ಒಂದ ಎಮ್ಮಿಕರ ಬರತದ. ಬೀದಿನಾಯಿ ಬೇಕಾದಷ್ಟ ಅವ. ಇನ್ನೊಂದಕ್ಕ ರೊಟ್ಟಿ ಹಾಕು, ಅದೂ ನಿನ್ನ ಬೆನ್ನ ಹತ್ತತದ."

ಅವಳು ನಡೆಯುವುದನ್ನು ನಿಲ್ಲಿಸಿದಳು. "ತಮ್ಮಾ, ನಾ ಬೆಳಕ ಹರಿಯೋದ್ರಾಗ ಬಜಾರಕ್ಕ ಬರ್ತೀನಿ. ಗೇಟಿನ ಮುಂದ ಲಾರಿಯವರು ಮಲಗಿರತಾರ, ಕುಡದಾವರೂ ಇರತಾರ. ಐದ ವರ್ಷ ಆತು ಗಂಡ ಸತ್ತು. ಇಷ್ಟ ವರ್ಷ ನಾ ಯಾರ ಜೋಡಿ ಬಂದೆ ಅಂದ್ಕೊಂಡಿ?"

ನನ್ನ ಹತ್ತಿರ ಹಣ ಇರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಇತ್ತು. ಆದರೆ ಅದು ಚೀಲ ಕೊಳ್ಳುವ ಬಂಡವಾಳ. ಅದನ್ನು ನಾಯಿಯ ಕಾಲಿಗೆ ಕಟ್ಟುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಐದು ರೂಪಾಯಿ ಕೊಟ್ಟೆ. ಉಳಿದದ್ದಕ್ಕೆ ನನ್ನ ನಾಲಿಗೆ ಕೊಡುತ್ತೇನೆ ಎಂದು ಚಂದಾ ಕೇಳುತ್ತ ಅಂಗಡಿ ಅಂಗಡಿ ಹತ್ತಿದೆ. ಒಬ್ಬರು ಗೋಶಾಲೆಗೆ ಈಗಷ್ಟೇ ಕೊಟ್ಟೆವು ಎಂದರು. ಗಿರಿಧರ ಸೇಠ, "ಹಬ್ಬ ಮುಗೀಲಿ, ಲಕ್ಷ್ಮಿ ಮನೀ ಬಿಟ್ಟ ಹೊರಗ ಹೋಗಬಾರದು" ಎಂದು ಒಂದು ಚಹಾ ಕುಡಿಸಿದರು. ಅವರ ಎದುರು ಅಂಗಡಿಯ ಬಸಣ್ಣಪ್ಪ ಸಾವಕಾರರು, "ಗಿರಿಧರ ಎಷ್ಟ ಕೊಟ್ಟಾನ?" ಎಂದು ಕೇಳಿ, ಏನೂ ಇಲ್ಲವೆಂದು ತಿಳಿದ ಮೇಲೆ ನೆಮ್ಮದಿಯಿಂದ ತಾವೂ ಅಷ್ಟನ್ನೇ ಕೊಟ್ಟರು. ಸಂಜೆಗೆ ಕೂಡಿದ್ದು, ನನ್ನ ಐದನ್ನೂ ಹಿಡಿದು, ಹನ್ನೊಂದು ರೂಪಾಯಿ.

"ಬೇಡಿದ್ರ ಹಿಂಗ ಆಗತದ," ಎಂದಳು ಝರೆಮ್ಮ. "ಬೇಡಾವರಿಗಿ ಎಲ್ಲಾರೂ ಬುದ್ಧಿ ಹೇಳತಾರ. ಮಾರಾವರಿಗಿ ಮಾತ್ರ ರೊಕ್ಕ ಕೊಡತಾರ."

"ಮಾರಾಕ ನಿನ್ನ ಹತ್ರ ಏನ ಅದ ಅಕ್ಕಾ?"

"ಕಸ ಅದಲ್ಲ!"

ಅವಳ ತಲೆಯಲ್ಲಿ ಏನು ಓಡುತ್ತಿತ್ತೆಂಬುದು ತಿಳಿಯಬೇಕಾದರೆ ಪಾಡ್ಯದ ಮುಹೂರ್ತದ ಸಂಗತಿ ಹೇಳಬೇಕು. ದೀಪಾವಳಿಯ ಪಾಡ್ಯದ ದಿನ ಬಜಾರಕ್ಕೆ ಹೊಸ ವರ್ಷ. ಅಂದು ಮೊದಲು ಸುರಿದ ರಾಶಿಗೆ ಪೂಜೆ ಮಾಡಿ ಸವಾಲು ಕೂಗುತ್ತಾರೆ. ಅದನ್ನು ಹಿಡಿದವನಿಗೆ ವರ್ಷವಿಡೀ ಬರಕತ್ತು, ಹಿಡಿದದ್ದೆಲ್ಲ ಏಳಿಗೆ, ಎಂಬ ನಂಬಿಕೆ. ಹಾಗಾಗಿ ಆ ಒಂದು ರಾಶಿಗೆ ಮಾತ್ರ ಸಾವಕಾರರು ದರ ನೋಡುವುದಿಲ್ಲ, ಮೀಸೆ ನೋಡುತ್ತಾರೆ. ಮುಖ್ಯವಾಗಿ ಬಸಣ್ಣಪ್ಪ ಸಾವಕಾರರು ಗಿರಿಧರ ಸೇಠರ ಮೀಸೆಯನ್ನು, ಸೇಠರು ಸಾವಕಾರರ ಮೀಸೆಯನ್ನು.

ಝರೆಮ್ಮ ಸವಾಲು ಕೂಗುವ ಮೌಲಾ ಚಾಚಾನ ಹತ್ತಿರ ಹೋದಳು. ಚಾಚಾನ ದನಿ ಗೇಟಿನಾಚೆ ನಿಂತ ಲಾರಿಗೂ ಕೇಳುತ್ತಿತ್ತು.

"ಚಾಚಾ, ಪಾಡ್ಯಕ್ಕ ಮೊದಲ ರಾಶಿ ಯಾರದ್ರಿ?"

"ಯಾರ ಪೈಲಾ ಸುರಿತಾರ, ಅವರದು. ದಸ್ತೂರ್ ಹಂಗ ಅದ."

"ಅಂವ ರೈತನ ಆಗಿರಬೇಕೇನ್ರಿ?"

ಚಾಚಾ ಬೀಡಿ ಕೆಳಗಿಳಿಸಿ ಅವಳನ್ನು ನೋಡಿದ. "ಹಂಗಂತ ಯಾರೂ ಬರದಿಟ್ಟಿಲ್ಲ, ಬೇಟಿ."

ಅವತ್ತಿನಿಂದ ಝರೆಮ್ಮ ಗುಡಿಸಿದ ಕಾಳು ಮಾರಲಿಲ್ಲ. ಮನೆಯಲ್ಲಿ ಕೂಡಿಸಿಟ್ಟದ್ದನ್ನೂ ತಂದಳು. ಉಳಿದ ಹೆಣ್ಣುಮಕ್ಕಳೂ ಒಂದೊಂದು ಸೇರು ಕೊಟ್ಟರು. ಬೇವಿನ ಬುಡದಲ್ಲಿ ಕುಳಿತು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ತೊಳೆದು ಒಣಗಿಸಿದರು. ನೋಡಿ ನನಗೆ ನಗು ಬಂತು. ಉದ್ದು, ಹೆಸರು, ತೊಗರಿ, ಜೋಳ, ಎಲ್ಲ ಕೂಡಿ ಚಿತ್ರಾನ್ನ!

"ಅಕ್ಕಾ, ಕಲಬೆರಕಿ ಮಾಲಿಗಿ ಯಾರ ಬೋಲಿ ಹಚ್ಚತಾರ?"

"ಕಲಬೆರಕಿ ಅಂದ್ರ ಕಲಬೆರಕಿ. ನವಧಾನ್ಯ ಅಂದ್ರ ಪೂಜಿ. ಕುಂತ ಎಣಸು, ಎಷ್ಟ ಥರ ಅವ?"

ಎಣಿಸಿದೆ. ಎಂಟು. ಒಂದು ಕಡಿಮೆ. ನನ್ನ ಚೀಲಗಳ ಹೊಲಿಗೆ ಬಿಚ್ಚಿ ಬಿಚ್ಚಿ ಒಂದು ಬೊಗಸೆ ಎಳ್ಳು ಉದುರಿಸಿದೆವು. ಒಂಬತ್ತಾಯಿತು. ಶಾಸ್ತ್ರದ ನವಧಾನ್ಯದಲ್ಲಿ ಜೋಳ ಇಲ್ಲವಲ್ಲ ಎಂದು ನಾನು ಕೊಂಕು ತೆಗೆದೆ.

"ಅದು ಬ್ಯಾರೆ ಊರಾಗ. ನಮ್ಮ ಕಡಿ ನವಗ್ರಹನೂ ಜೋಳದ ರೊಟ್ಟಿನೇ ತಿಂತಾವ."

ಪಾಡ್ಯದ ಮುಂಜಾನೆ ನಾನು ಹೋಗುವಷ್ಟರಲ್ಲಿ ಸಾರಿಸಿ ರಂಗೋಲಿ ಹಾಕಿದ ನೆಲದ ಮೇಲೆ ಝರೆಮ್ಮನ ರಾಶಿ ಕುಳಿತಿತ್ತು. ನೆತ್ತಿಯ ಮೇಲೊಂದು ಚೆಂಡುಹೂವು. ಹಿಂದೆ ರಾಜೇಶ್ವರದ ರೈತ ಶಿವರಾಯ ತನ್ನ ಉದ್ದಿನ ಬಂಡಿ ನಿಲ್ಲಿಸಿಕೊಂಡು ಮುಖ ಗಂಟು ಹಾಕಿದ್ದ. ಪ್ರತಿ ವರ್ಷ ಮೊದಲ ಬಂಡಿ ಅವನದು.

ಮೌಲಾ ಚಾಚಾ ಕಾಯಿ ಒಡೆಸಿ, ಗಂಟಲು ಸರಿ ಮಾಡಿಕೊಂಡು ಕೂಗಿದ: "ಪಾಡ್ಯದ ಪೈಲಾ ರಾಶಿ! ಒಂಬತ್ತ ಧಾನ್ಯ, ಒಂಬತ್ತ ಗ್ರಹ! ಬೋಲೋ ಸೇಠ್!"

ಗಿರಿಧರ ಸೇಠರು ಬಗ್ಗಿ ನೋಡಿದರು. "ಇದು ಝರೆಮ್ಮನ ಕಸ ಅಲ್ಲೇನೋ?"

"ಕಸ ಇದ್ರ ಬಿಡ್ರಿ ಸೇಠ," ಎಂದಳು ಝರೆಮ್ಮ ಹಿಂದಿನಿಂದ. "ಬಸಣ್ಣಪ್ಪ ಸಾವಕಾರ್ರಿಗಿ ನವಗ್ರಹ ಒಲೀಲಿ."

ಅಷ್ಟೇ ಸಾಕಾಯಿತು. ಸೇಠರು ಕ್ವಿಂಟಲಿಗೆ ಇನ್ನೂರು ಎಂದರು, ಸಾವಕಾರರು ಇನ್ನೂರಾ ಹತ್ತು ಎಂದರು. ಆಗ ಒಳ್ಳೆಯ ಉದ್ದಿಗೇ ಅಷ್ಟು ದರ ಇರಲಿಲ್ಲ. ಏರಿ ಏರಿ ಮುನ್ನೂರಾ ನಲವತ್ತಕ್ಕೆ ಸಾವಕಾರರ ಹೆಸರಿಗೆ ಸವಾಲು ನಿಂತಿತು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಹೊಡೆಯುತ್ತಿದ್ದಂತೆಯೇ ಲೆಕ್ಕ ಹೊಳೆಯಿತು. ಮುನ್ನೂರಾ ನಲವತ್ತು ಕ್ವಿಂಟಲಿಗೆ! ರಾಶಿ ಇರುವುದು ಹೆಚ್ಚೆಂದರೆ ಹದಿನೈದು ಕಿಲೋ. ಐವತ್ತು ರೂಪಾಯಿ ಬಂದರೆ ಹೆಚ್ಚು. ಲೆಕ್ಕದ ಹುಲಿ ಎಂದು ಹೇಳಿಕೊಂಡು ತಿರುಗುವ ನಾನು ನಾಲ್ಕು ದಿನ ಇದನ್ನು ಯೋಚಿಸಿಯೇ ಇರಲಿಲ್ಲ. ನಾಳೆ ಐದನೆಯ ದಿನ.

"ಅಕ್ಕಾ, ಮುಳುಗಿದಿವಿ," ಎಂದು ಅವಳ ಕಿವಿಯಲ್ಲಿ ಹೇಳಿದೆ.

"ಸುಮ್ಮಕ ನಿಂದ್ರು. ತೂಕ ಆಗ್ಲಿ."

ಮೂರು ಕಂಬ ನಿಲ್ಲಿಸಿ ಕಾಟಾ, ಅಂದರೆ ದೊಡ್ಡ ತಕ್ಕಡಿ, ತೂಗುಹಾಕಿದ್ದರು. ಹಮಾಲ ಎಂದಿನ ರೂಢಿಯಂತೆ ಒಂದು ತಟ್ಟೆಗೆ ಐವತ್ತು ಕಿಲೋದ ಕಲ್ಲು ಇಟ್ಟ. ಇನ್ನೊಂದು ತಟ್ಟೆಗೆ ರಾಶಿ ಸುರಿದ. ನಮ್ಮಲ್ಲಿ ಮೊದಲ ತೂಕಕ್ಕೆ ಒಂದು ಎಂದು ಎಣಿಸುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಹಮಾಲ 'ಲಾಭ' ಎನ್ನಲು ಬಾಯಿ ತೆರೆದವನು ಹಾಗೆಯೇ ನಿಂತ. ಕಲ್ಲಿನ ತಟ್ಟೆ ನೆಲ ಬಿಟ್ಟು ಅಲುಗಲಿಲ್ಲ. ಕಾಳಿನ ತಟ್ಟೆ ಆಕಾಶದಲ್ಲಿ.

ಹೊಸ ವರ್ಷದ ಮೊದಲ ತೂಕ, ಎಲ್ಲರ ಕಣ್ಣೆದುರು, ಲಾಭವೇ ಕಡಿಮೆ ಬಿದ್ದಿದೆ!

"ಏನಿದು ಅಪಶಕುನ!" ಎಂದರು ಸಾವಕಾರರು. ಅವರ ಮುಖ ಬಿಳಿಚಿಕೊಂಡಿತ್ತು. "ಸಣ್ಣ ಕಲ್ಲ ಇಡೋ!"

"ಇಟ್ಟ ಕಲ್ಲ ತೆಗದ್ರ ಇನ್ನೂ ಕೆಟ್ಟ ಆಗತದ, ಸಾವಕಾರ್ರ," ಎಂದ ಹಮಾಲ.

ಆಗ ಝರೆಮ್ಮ, ದೇವರ ಮುಂದೆ ಮಾತಾಡುವವಳಂತೆ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು: "ಕಡಿಮಿ ಬಿದ್ರ ತುಂಬಬೇಕ್ರಿ. ಬಜಾರದ ಲಾಭ, ಬಜಾರನೇ ತುಂಬಬೇಕು."

ಮೊದಲು ಅಲುಗಾಡಿದವನು ಶಿವರಾಯ. ಮುಂದಿನ ಮಾಲು ಅವನದೇ, ಅದೇ ಕಾಟಾದ ಮೇಲೆ. "ಈ ದರಿದ್ರ ನನ್ನ ಉದ್ದಿಗಿ ಹತ್ತಬಾರದಪ್ಪ" ಎಂದು ಬಂಡಿಯಿಂದ ಎರಡು ಸೇರು ತಂದು ಸುರಿದ. ಅವನ ಹಿಂದೆ ಇನ್ನೊಬ್ಬ ರೈತ. ಆಮೇಲೆ ಅಂಗಡಿಗಳಿಂದ ಕಾಳು ಬರತೊಡಗಿತು. ನಾಯಿಗೆ ನಾಲ್ಕಾಣೆ ಕೊಡದವರು ತೊಗರಿಯನ್ನು ಬುಟ್ಟಿಯಲ್ಲಿ ತಂದರು! ಗಿರಿಧರ ಸೇಠರು ಸವಾಲು ಸೋತಿದ್ದರೂ ಒಂದು ಬುಟ್ಟಿ ಕಡಲೆ ಸುರಿದು, "ಲಾಭ ಎಲ್ಲಾರದು" ಎಂದರು. ಕಾಳಿನ ತಟ್ಟೆ ಇಳಿಯಿತು, ಇಳಿಯಿತು, ಸಮ ನಿಂತಿತು.

"ಲಾಭ!" ಎಂದು ಹಮಾಲ ಕೂಗಿದಾಗ ಇಡೀ ಬಜಾರ ಉಸಿರು ಬಿಟ್ಟಿತು.

ಐವತ್ತು ಕಿಲೋ, ಮುನ್ನೂರಾ ನಲವತ್ತರ ದರ: ನೂರಾ ಎಪ್ಪತ್ತು ರೂಪಾಯಿ. ಸಾವಕಾರರು ಅಲ್ಲೇ ನಗದು ಎಣಿಸಿದರು. ಶಿವರಾಯನಿಗೂ ನಷ್ಟವಾಗಲಿಲ್ಲ, ಮೊದಲ ರಾಶಿ ಕೈತಪ್ಪಿದ ಸಿಟ್ಟಿಗೆ ಸೇಠರು ಎರಡನೆಯದನ್ನು ಏರಿಸಿ ಹಿಡಿದರು.

ಆ ಹಣ ಹಿಡಿದು ಅಂದೇ ಸಿಕ್ಕ ಬಸ್ಸಿಗೆ ನಾನು ಹೈದರಾಬಾದಿಗೆ ಹೋದೆ. ಔಷಧಿ ಅಂಗಡಿಯವನ ಜೊತೆ ಜಗಳವಾಡಿ ಎಂಟು ರೂಪಾಯಿ ಇಳಿಸಿದೆ. ಅವನು ಲಾಭ ಇಟ್ಟುಕೊಂಡಿದ್ದ, ಅದಕ್ಕೇ. ಮರುದಿನ ಡಾಕ್ಟರು ಎರಡು ತಾಸು ಕುಳಿತು ಎಲುಬು ಕೂಡಿಸಿ ಪ್ಲಾಸ್ಟರು ಹಾಕಿದರು. ರಿಜಿಸ್ಟರಿನಲ್ಲಿ ಮಾಲೀಕರ ಹೆಸರು ಕೇಳಿದಾಗ ಝರೆಮ್ಮ, "ಅಡತ ಬಜಾರ ಅಂತ ಬರೀರಿ, ಎಲ್ಲಾರೂ ಹಾಕ್ಯಾರ" ಎಂದಳು. ಬರೆದರು. ಮುಂದೆ ಜಮಾದಾರ ಮೂರು ಕಾಲಿನಲ್ಲಿ ಓಡುತ್ತಿದ್ದ, ನಾಲ್ಕನೆಯದನ್ನು ಗೂಳಿ ಬಂದಾಗ ಮಾತ್ರ ಊರುತ್ತಿದ್ದ. "ನಿನ್ನಂಗ ಕಂಜೂಸ ಆಗ್ಯಾನ, ಖರ್ಚ ಮಾಡಂಗಿಲ್ಲ" ಎಂದು ಝರೆಮ್ಮ ನನ್ನನ್ನು ಚುಚ್ಚುತ್ತಿದ್ದಳು. ಆ ಕಾಲಿನಲ್ಲೇ ಆರು ವರ್ಷ ಅವಳ ಜೊತೆ ಮುಂಜಾನೆಯ ಗೇಟು ದಾಟಿದ.

ಲಾಭ ಕಡಿಮೆ ಬೀಳುತ್ತದೆ, ಬಜಾರ ಹೆದರುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತೇ? ಹತ್ತಾರು ಸಲ ಕೇಳಿದ್ದೇನೆ. "ಕಸ ಹೊಡಿಯಾಕಿಗಿ ಇಷ್ಟೆಲ್ಲ ಲೆಕ್ಕ ಬರತದೇನು?" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಸೆರಗಿನ ಹಿಂದೆ ನಗುತ್ತಿದ್ದಳೋ ಏನೋ, ಕಾಣಿಸುತ್ತಿರಲಿಲ್ಲ.

ಮುಂದಿನ ಪಾಡ್ಯಕ್ಕೆ ಸಾವಕಾರರೇ, "ಹೋದ ವರ್ಷ ಛಲೋ ಧಂದೆ ಆತು, ನವಧಾನ್ಯ ಎಲ್ಲಿ?" ಎಂದು ಕೇಳಿದರಂತೆ. ಅದರ ಮುಂದಿನ ವರ್ಷವೂ ಕೇಳಿದರು. ಬಂದ ಹಣ ದವಾಖಾನೆಯಲ್ಲಿ ಬಿದ್ದಿರುವ, ಹೇಳುವವರು ಕೇಳುವವರು ಇಲ್ಲದ ಪ್ರಾಣಿಗಳ ಔಷಧಿಗೆ ಎಂದಾಯಿತು. ಅಷ್ಟರಲ್ಲಿ ನಾನು ಬಸವಕಲ್ಯಾಣದಲ್ಲಿ ಸ್ವಂತ ಅಂಗಡಿ ಹಾಕಿದೆ, ಹುಮನಾಬಾದಿಗೆ ಹೋಗುವುದು ಕಡಿಮೆಯಾಯಿತು. ಎಂಬತ್ತರ ದಶಕದಲ್ಲಿ ಒಂದು ಪಾಡ್ಯಕ್ಕೆ ಹೋಗಿದ್ದೆ. ಝರೆಮ್ಮನನ್ನು ನೋಡಿದ್ದು ಅದೇ ಕಡೆಯ ಸಲ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳೆಂದು ಚೀಲದ ಗಿರಾಕಿಯೊಬ್ಬ ಹೇಳಿದ.

ಆ ಕಡೆಯ ಪಾಡ್ಯದಂದು ಕಾಟಾದ ಸುತ್ತ ಜನ ಕಿಕ್ಕಿರಿದಿದ್ದರು. ರಾಶಿಯ ಸುತ್ತ ಹೂವಿನ ಹಾರ, ಊದಿನಕಡ್ಡಿ, ಒಬ್ಬ ಪೂಜಾರಿ ಬೇರೆ. ನಾನೂ ಝರೆಮ್ಮನೂ ನೋಡಲು ಮುಂದೆ ಹೋದೆವು. ಸಾವಕಾರರ ಅಂಗಡಿಯಲ್ಲಿ ಲೆಕ್ಕ ಬರೆಯುವ ಹೊಸ ಮುನೀಮ ಕೈ ಅಡ್ಡ ಹಿಡಿದ.

"ಏ ಆಯಿ, ಪೊರಕಿ ತಗೊಂಡ ಇಲ್ಲಿಗಿ ಯಾಕ ಬಂದಿ? ದೂರ ಸರಿ. ಇದು ಶಾಸ್ತ್ರದ ರಾಶಿ. ಕಲ್ಯಾಣದ ರಾಜರ ಕಾಲದಿಂದ ನಡಕೊಂಡ ಬಂದದ."

ನನಗೆ ಸಿಟ್ಟು ಬಂತು. ಇದರ ಮಾಲೀಕಳೇ ಇವಳು ಎಂದು ಹೇಳಲು ಹೊರಟೆ. ಝರೆಮ್ಮ ನನ್ನ ತೋಳು ಚಿವುಟಿದಳು.

"ಹೌದೇನ್ರಿ, ರಾಜರ ಕಾಲದ್ದೇನ್ರಿ?" ಎಂದಳು ಕಣ್ಣರಳಿಸಿ. "ನಂಗೊತ್ತಿದ್ದಿಲ್ಲರೀಪಾ. ನಾನೂ ಒಂದ ಹಿಡಿ ಹಾಕಲೇನ್ರಿ?"

"ಹಾಕು, ಹಾಕು. ಎಲ್ಲಾರೂ ಹಾಕಬಹುದು."

ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಉಡಿಯಿಂದ ಒಂದು ಹಿಡಿ ತೆಗೆದು ತಟ್ಟೆಗೆ ಹಾಕಿ, ಕೈ ಮುಗಿದು ಬಂದಳು. ಲಾಭ ಕೂಗಿದರು. ಅವಳಿಗೆ ನಗು ತಡೆಯಲಾಗದೆ ಮೈಯೆಲ್ಲ ಅಲುಗುತ್ತಿತ್ತು.

"ಅಕ್ಕಾ, ಹೇಳಬೇಕಾಗಿತ್ತು ಅವನಿಗಿ," ಎಂದೆ.

"ಹುಚ್ಚ ಅದಿ ನೀ. ನಂದು ಅಂದ್ರ ನಾಳಿಂದ ಯಾರೂ ಒಂದ ಕಾಳ ಹಾಕಂಗಿಲ್ಲ. ರಾಜರದ್ದು ಅಂದ್ರ ಹಾಕತಾರ. ಹಾಕ್ಲಿ ಬಿಡು. ದವಾಖಾನಿದಾಗ ಒಂದ ಕತ್ತಿಮರಿ ಕಾಲ ಮುರಕೊಂಡ ಬಿದ್ದದ."

ಅಷ್ಟರಲ್ಲಿ ಬೇವಿನ ಮರದ ಕಡೆ ಎರಡನೆಯ ರಾಶಿ ಸುರಿಯತೊಡಗಿದರು. ಝರೆಮ್ಮ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಮಾತಾಡ್ಕೋತ ನಿಂತ್ರ ಹ್ಯಾಂಗ ತಮ್ಮಾ? ಅಲ್ಲಿ ಕಾಳ ಬೀಳಾಕತ್ತಾವ" ಎಂದವಳೇ ಹೋದಳು.